ಹೊಳೆ ದಂಡೆಯ ಕೋಣೆ ಹೊಳೆಯಿಂದ ಎಷ್ಟು ದೂರವಿರಬೇಕು?

ಹಂಪಿಯ ಎದುರು ದಂಡೆಯ ಆನೆಗುಂದಿಯಲ್ಲಿ ಎರಡು ದಿನ ತಂಗಲು ಕೋಣೆ ಹುಡುಕುವವರು ಫೋನಿನಲ್ಲಿ ಮೊದಲು ಕೇಳುವುದು ಒಂದೇ ಮಾತು: ಕಿಟಕಿ ತೆರೆದರೆ ಹೊಳೆ ಕಾಣುತ್ತದೆಯೇ? ಆಸೆ ಸಹಜವಾದದ್ದೇ. ಆದರೆ ತುಂಗಭದ್ರೆಯ ಪಕ್ಕ ಕೋಣೆ ಹಿಡಿಯುವಾಗ ಅದಕ್ಕೂ ಮೊದಲು ಕೇಳಬೇಕಾದದ್ದು, ಹೊಳೆ ತುಂಬಿದಾಗ ನೀರು ಎಲ್ಲಿಯತನಕ ಬರುತ್ತದೆ ಎಂಬುದನ್ನು. ಕೋಣೆಯ ತಂಪು, ಸೊಳ್ಳೆ, ಬಾವಿಯ ನೀರು, ರಾತ್ರಿಯ ನಿದ್ದೆ, ಹಂಪಿಗೆ ಹೋಗಿಬರುವ ದಾರಿ, ಎಲ್ಲವೂ ಕೊನೆಗೆ ಆ ಅಂತರಕ್ಕೇ ಬಂದು ನಿಲ್ಲುತ್ತವೆ.

ಈ ಲೆಕ್ಕವನ್ನು ಊರೇ ಹೇಳಿಕೊಡುತ್ತದೆ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕಿನ ಆನೆಗುಂದಿ ವಿಜಯನಗರಕ್ಕಿಂತ ಹಳೆಯ ಊರು. ಹಳೆಯ ಮನೆಗಳೆಲ್ಲ ಕೋಟೆಯ ಒಳಗೆ, ರಂಗನಾಥನ ಗುಡಿ ಮತ್ತು ಗಗನ ಮಹಲಿನ ಸುತ್ತ ಒತ್ತಾಗಿ ಕೂತಿವೆ. ಅಲ್ಲಿಂದ ಹೊಳೆಗೆ ನಡೆದೇ ಹೋಗಬಹುದು, ಆದರೆ ಹೊಳೆ ಮನೆಯ ಹೊಸ್ತಿಲಿಗೆ ತಾಕುವುದಿಲ್ಲ. ದಂಡೆಯ ಮೇಲೆ ಹಳಬರು ಏನು ಕಟ್ಟಿದ್ದಾರೆ ನೋಡಿ: ಚಿಂತಾಮಣಿ ಗುಡಿ, ಮೆಟ್ಟಿಲು, ಇನ್ನೂ ತಗ್ಗಿನಲ್ಲಿ ಅರವತ್ನಾಲ್ಕು ಕಂಬದ ಮಂಟಪ. ಎಲ್ಲವೂ ಕಲ್ಲು. ವರ್ಷಕ್ಕೆ ನಾಲ್ಕು ದಿನ ಮುಳುಗಿದರೂ ತಡೆದು ನಿಲ್ಲುವಂಥದ್ದನ್ನು ಮಾತ್ರ ಹೊಳೆಗೆ ಬಿಟ್ಟುಕೊಟ್ಟು, ಹಾಸಿಗೆ, ಒಲೆ, ದನ, ಕಾಳಿನ ಚೀಲ ಇರುವ ಮನೆಯನ್ನು ಹಿಂದಕ್ಕೆ ಕಟ್ಟಿಕೊಂಡರು. ಇವತ್ತು ಕೋಣೆ ಹುಡುಕುವವರಿಗೂ ಕಟ್ಟುವವರಿಗೂ ಇದಕ್ಕಿಂತ ಒಳ್ಳೆಯ ನಕಾಶೆ ಬೇಕಿಲ್ಲ.

ಈ ಹೊಳೆಯ ನೆರೆ ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಕೊಪ್ಪಳದ ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ ಹೊಳೆ ಏರಬಹುದು. ಮಳೆ ಬಿದ್ದಿರುವುದು ಮಲೆನಾಡಿನಲ್ಲಿ, ಆಗುಂಬೆ ಶೃಂಗೇರಿಗಳ ಕಡೆ. ತುಂಗೆ ಮತ್ತು ಭದ್ರೆ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರಿ, ಬಯಲುಸೀಮೆಯನ್ನು ಹಾದು, ಮುನಿರಾಬಾದ್ ಮತ್ತು ಹೊಸಪೇಟೆಯ ನಡುವಿನ ಜಲಾಶಯಕ್ಕೆ ಬಂದು ನಿಲ್ಲುತ್ತವೆ. ಜಲಾಶಯದ ಪೂರ್ಣ ಮಟ್ಟ 1633 ಅಡಿ, ಗೇಟುಗಳು 33. ಮಟ್ಟ ಅದರ ಹತ್ತಿರ ಬಂದಾಗ ಒಳಹರಿವು ಎಷ್ಟೋ ಹೆಚ್ಚುಕಡಿಮೆ ಅಷ್ಟನ್ನೇ ಹೊಳೆಗೆ ಬಿಡಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಗೇಟು ಎತ್ತಿದ ಕೆಲವೇ ತಾಸಿನಲ್ಲಿ ಆನೆಗುಂದಿಯ ಬಂಡೆಗಳು ಒಂದೊಂದಾಗಿ ಕಾಣೆಯಾಗುತ್ತವೆ.

ಪತ್ರಿಕೆಯಲ್ಲಿ ಬರುವ ಕ್ಯೂಸೆಕ್ಸ್ ಅಂಕಿಯನ್ನು ಓದುವುದನ್ನು ಕಲಿತುಕೊಂಡರೆ ಅರ್ಧ ಕೆಲಸ ಮುಗಿಯಿತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಹೊರಹರಿವು ಲಕ್ಷಕ್ಕೆ ಮಿಕ್ಕಿದರೆ ಯತಿಗಳ ಬೃಂದಾವನಗಳಿರುವ ನವಬೃಂದಾವನ ನಡುಗಡ್ಡೆಗೆ ಹೋಗುವುದು, ಹಂಪಿ ಕಡೆಗೆ ದಾಟಿಸುವ ತಳವಾರಘಟ್ಟದ ದೋಣಿ, ಅರವತ್ನಾಲ್ಕು ಕಂಬದ ಮಂಟಪದ ನೆರಳು, ಯಾವುದರ ಆಸೆಯೂ ಬೇಡ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ನೀರಿನ ಭಾರ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಅಣೆಕಟ್ಟಿನ ಕೆಳಗಿನ ಊರಿನಲ್ಲಿ ಹೊಳೆ ಏರಲು ಮಳೆಯೇ ಬರಬೇಕೆಂದಿಲ್ಲ ಎಂಬುದನ್ನು ಆ ರಾತ್ರಿ ತೋರಿಸಿತು.

ವಿರೂಪಾಪುರ ಗಡ್ಡೆಯ ಕಥೆ ಇದಕ್ಕೆ ಸೇರಿದ್ದೇ. ಹೊಳೆಯ ಕವಲುಗಳ ನಡುವಿನ ಆ ಗಡ್ಡೆಯಲ್ಲಿ ಒಂದು ಕಾಲಕ್ಕೆ ಸಾಲುಸಾಲು ರೆಸಾರ್ಟುಗಳಿದ್ದವು. ಭತ್ತದ ಗದ್ದೆ, ಎದುರಿಗೆ ವಿರೂಪಾಕ್ಷನ ಗೋಪುರ, ಕಾಲಡಿಗೆ ಹೊಳೆ, ನೋಟಕ್ಕೆ ಅಂಥ ಜಾಗ ಇನ್ನೊಂದಿರಲಿಲ್ಲ. 2019ರ ಆಗಸ್ಟ್‌ನಲ್ಲಿ ನೀರು ಸುತ್ತುವರಿದು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತರಬೇಕಾಯಿತು. ಆ ರೆಸಾರ್ಟುಗಳು ಹಂಪಿಯ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಎದ್ದ ಕಟ್ಟಡಗಳು ಎಂದು ಹೈಕೋರ್ಟ್ ಕೊಟ್ಟಿದ್ದ ತೀರ್ಪನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ತೆರವಾದವು. ಹಳೆಯ ಪ್ರವಾಸ ಬರಹಗಳನ್ನು ಓದಿಕೊಂಡು ಇವತ್ತಿಗೂ ಆ ಗಡ್ಡೆಯಲ್ಲಿ ಕೋಣೆ ಕೇಳುವವರಿದ್ದಾರೆ.

ಈಗ ಕೋಣೆಯ ಮಾತು. ಹೊಳೆಗೆ ಐದು ಹತ್ತು ನಿಮಿಷದ ನಡಿಗೆ, ನೆಲಗಟ್ಟು ರಸ್ತೆಗಿಂತ ಎರಡು ಮೂರು ಅಡಿ ಎತ್ತರ, ಊರಿನ ಒಳಗೆ ಇರುವ ಮನೆ: ನನ್ನ ಆಯ್ಕೆ ಇದೇ. ಹೊಳೆಯನ್ನು ಕಿಟಕಿಯಿಂದ ನೋಡುವುದಕ್ಕಿಂತ ಮುಂಜಾನೆ ಎದ್ದು ನಡೆದುಹೋಗಿ ನೋಡುವುದು ಹೆಚ್ಚು. ಕಾಯ್ದಿರಿಸುವ ಮೊದಲು ಮನೆಯವರನ್ನು ನೇರವಾಗಿ ಕೇಳಿ: "ಅಣ್ಣಾರ, ಹತ್ತೊಂಬತ್ತರಾಗ ಹೊಳಿ ಬಂದಾಗ ನೀರು ಎಲ್ಲಿತನ ಬಂದಿತ್ರಿ?" ಊರಿನವರಾದರೆ ತಡೆಯದೆ ಒಂದು ಗುರುತು ಹೇಳುತ್ತಾರೆ, ಆ ಬೇವಿನ ಗಿಡದತನಕ, ಆ ಮೆಟ್ಟಿಲತನಕ ಎಂದು. ಉತ್ತರ ಹಾರಿಕೆಯದಾದರೆ ಆ ಕೋಣೆ ಬೇಡ. ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ ಇದೆಯೇ ಎಂದೂ ಕೇಳಿ. ಆನೆಗುಂದಿ ಆ ವ್ಯಾಪ್ತಿಯಲ್ಲಿದೆ. ಇಲ್ಲಿ ಹೊಸದಾಗಿ ಕಟ್ಟುವುದಕ್ಕೂ ಹಳೆಯದನ್ನು ಬದಲಿಸುವುದಕ್ಕೂ ಒಪ್ಪಿಗೆ ಬೇಕು.

ಒಳ್ಳೆಯ ತಂಗುಮನೆಗಳು ಇಲ್ಲಿ ಹೊಸದಾಗಿ ಕಟ್ಟಿದವಲ್ಲ, ದುರಸ್ತಿ ಮಾಡಿದವು. 1997ರಿಂದ ಊರಿನಲ್ಲಿ ಕೆಲಸ ಮಾಡುತ್ತಿರುವ ಕಿಷ್ಕಿಂಧ ಟ್ರಸ್ಟ್ ಬಾಳೆನಾರಿನ ಕಸುಬಿನ ಜೊತೆಗೆ ಹಳೆಯ ಮನೆಗಳನ್ನು ಉಳಿಸುವ ದಾರಿಯನ್ನೂ ತೋರಿಸಿತು. ಮೇಲ್ಮುದ್ದೆಯ, ಅಂದರೆ ಮಣ್ಣು ಬಡಿದ ಚಪ್ಪಟೆ ಮಾಳಿಗೆಯ, ಮಣ್ಣಿನ ಮನೆಯೊಂದು ಬೇಸಿಗೆಯಲ್ಲಿ ಹೇಗೆ ದುಡಿಯುತ್ತದೆ ಎಂಬುದನ್ನು ತಿಳಿದುಕೊಂಡರೆ ಅಲ್ಲಿ ಎ.ಸಿ. ಯಾಕೆ ಇಲ್ಲ ಎಂಬ ದೂರು ಬರುವುದಿಲ್ಲ.

ಗೋಡೆ ಒಂದೂವರೆಯಿಂದ ಎರಡು ಅಡಿ ದಪ್ಪ, ಕಲ್ಲು ಮತ್ತು ಮಣ್ಣಿನದು. ಮೇಲೆ ತೊಲೆ, ತೊಲೆಯ ಮೇಲೆ ಅಡ್ಡ ಜಂತಿ, ಜಂತಿಯ ಮೇಲೆ ಸೀಳಿದ ಕಟ್ಟಿಗೆ ಇಲ್ಲವೆ ಚಪ್ಪಡಿ, ಅದರ ಮೇಲೆ ಬೇವಿನ ಸೊಪ್ಪಿನಂಥ ಎಲೆಯ ಹಾಸು, ಅದರ ಮೇಲೆ ಮುಕ್ಕಾಲು ಅಡಿಯಷ್ಟು ಮಣ್ಣು ಬಡಿದು ಕೂರಿಸಿರುತ್ತಾರೆ. ಎಲ್ಲಕ್ಕೂ ಮೇಲೆ ತೆಳ್ಳಗೆ ಕರಲು ಮಣ್ಣು. ಈ ಕರಲಿನಲ್ಲೇ ಗುಟ್ಟಿರುವುದು. ಬೆಳೆ ಬೆಳೆಯಲು ಬಾರದ ಚೌಳು ನೆಲದ ಮಣ್ಣಿದು. ಅದರಲ್ಲಿ ಸೋಡಿಯಂ ಹೆಚ್ಚು. ಮೊದಲ ಹನಿ ಬಿದ್ದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ರೈತನನ್ನು ಅಳಿಸುವ ಮಣ್ಣು ಮಾಳಿಗೆಯ ಮೇಲೆ ಅದೇ ಗುಣದಿಂದ ಮನೆ ಕಾಯುತ್ತದೆ. ವರ್ಷವರ್ಷ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ, ಮಾಳಿಗೆಯ ಹುಲ್ಲು ಕಿತ್ತು, ಬಿರುಕಿಗೆ ಮಣ್ಣು ತುಂಬಿ, ಹೊಸ ಕರಲು ಹರಡಬೇಕು. ಒಂದು ವರ್ಷ ತಪ್ಪಿಸಿದರೆ ಬೇರು ಇಳಿದ ಕಡೆ ನೀರು ಇಳಿಯುತ್ತದೆ, ನೀರು ಇಳಿದ ಕಡೆ ಗೆದ್ದಲು ಬರುತ್ತದೆ, ಗೆದ್ದಲು ಮುಟ್ಟಿದ ಜಂತಿ ಮುಂದೊಂದು ಮಳೆಗಾಲದಲ್ಲಿ ಬಾಗುತ್ತದೆ. ಕೋಣೆಗೆ ಹೋದಾಗ ತಲೆ ಎತ್ತಿ ನೋಡಿ. ಜಂತಿಯ ತುದಿ ಗೋಡೆಗೆ ಸೇರುವಲ್ಲಿ ಕಪ್ಪು ಕಲೆ, ಮಣ್ಣಿನ ಸಣ್ಣ ಕೊಳವೆ ಕಂಡರೆ ಆ ಮನೆಯಲ್ಲಿ ಕರಲು ಹಾಕುವವರಿಲ್ಲ.

ಇಷ್ಟು ದಪ್ಪದ ಗೋಡೆಯಲ್ಲಿ ಹಗಲಿನ ಝಳ ಒಳಗೆ ಮುಟ್ಟಲು ಎಂಟು ಹತ್ತು ತಾಸು ಬೇಕು. ಅದಕ್ಕೇ ಮಧ್ಯಾಹ್ನ ಎರಡಕ್ಕೆ ಕೋಣೆ ತಂಪು, ರಾತ್ರಿ ಹತ್ತಕ್ಕೆ ಬಿಸಿ. ಹೊಸಬರು ಉಲ್ಟಾ ಮಾಡುತ್ತಾರೆ: ಹಗಲು ಗಾಳಿಗೆಂದು ಕಿಟಕಿ ತೆರೆದಿಟ್ಟು, ರಾತ್ರಿ ಹೆದರಿಕೆಗೆ ಮುಚ್ಚಿಕೊಳ್ಳುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಬಾಗಿಲು ಎಳೆದು, ಸಂಜೆ ಗಾಳಿ ತಣ್ಣಗಾದ ಮೇಲೆ ಬೆಳಕಿಂಡಿ ಸಮೇತ ಎಲ್ಲ ತೆರೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಕಿಕೊಡುವಿರಾ ಎಂದು ಕೇಳಿ, ಈ ಸೀಮೆಯಲ್ಲಿ ಬೇಸಿಗೆಯ ನಿದ್ದೆ ಮಾಳಿಗೆಯ ಮೇಲೆಯೇ. ಬಂಡೆಗೆ ಒರಗಿಸಿ ಕಟ್ಟಿದ ಕೋಣೆ ಚಿತ್ರದಲ್ಲಿ ಚೆಂದ. ಬೇಸಿಗೆಯಲ್ಲಿ ಆ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೂ ಕಕ್ಕುತ್ತಿರುತ್ತದೆ.

ದುರಸ್ತಿಯಲ್ಲಿ ಆಗುವ ದೊಡ್ಡ ತಪ್ಪು ಸಿಮೆಂಟ್ ಗಿಲಾವು. ಮಣ್ಣಿನ ಗೋಡೆ ಬುನಾದಿಯಿಂದ ತೇವ ಎಳೆದುಕೊಂಡು ಮೈಯಿಂದ ಬಿಡುತ್ತಿರುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರದಾರಿ ಮುಚ್ಚಿತು. ಎರಡು ಮೂರು ಮಳೆಗಾಲ ಕಳೆಯುವುದರೊಳಗೆ ಉಪ್ಪು ಅರಳಿ ಗಿಲಾವು ಹಲಗೆಯಂತೆ ಕಳಚುತ್ತದೆ, ಹಿಂದಿನ ಮಣ್ಣು ಹುಡಿಯಾಗಿರುತ್ತದೆ. ಕೆಳಗಿನ ಮೂರಡಿಯ ಸಿಮೆಂಟ್ ಕೆರೆದು ಸುಣ್ಣದ ಗಾರೆ ಹಚ್ಚಿದರೆ ಗೋಡೆ ಮತ್ತೆ ಉಸಿರಾಡುತ್ತದೆ. ಬಚ್ಚಲು, ಶೌಚಾಲಯ ಮಣ್ಣಿನ ಗೋಡೆಗೆ ಅಂಟಿಕೊಳ್ಳದೆ ಹಿತ್ತಿಲ ಕಡೆ, ಕಲ್ಲಿನ ಕಟ್ಟೆಯ ಮೇಲೆ ಬೇರೆಯಾಗಿ ನಿಲ್ಲಬೇಕು. ರಾತ್ರಿ ನಾಲ್ಕು ಹೆಜ್ಜೆ ಅಂಗಳ ದಾಟಬೇಕಾದರೂ ಅದು ಕೊರತೆಯಲ್ಲ, ಮನೆ ಉಳಿಯುವ ಬಗೆ. ಶೌಚದ ಗುಂಡಿ ಬಾವಿಯಿಂದ, ಬೋರಿನಿಂದ ಕಡೇ ಪಕ್ಷ 15 ಮೀಟರ್ ದೂರವಿರಬೇಕು. ಹೊಳೆ ದಂಡೆಯ ಮರಳು ನೆಲದಲ್ಲಿ ಹೊಲಸು ಬೇಗ ಹರಿಯುವುದರಿಂದ ಅದಕ್ಕೂ ಹೆಚ್ಚಿದ್ದರೆ ಒಳ್ಳೆಯದು. ದಂಡೆಗೆ ತೀರಾ ಹತ್ತಿರದ ಕೋಣೆಗಳನ್ನು ನಾನು ಒಪ್ಪದಿರಲು ಇದು ಎರಡನೆಯ ಕಾರಣ: ಅಲ್ಲಿ ಗುಂಡಿಯೂ ದಂಡೆಯಲ್ಲೇ, ಹೊಳೆ ಏರಿದ ದಿನ ಅದು ಹೊಳೆಗೇ.

ಕರೆಂಟು ಹೋಗುವುದುಂಟು. ಇನ್ವರ್ಟರಿನ 150 ಆಂಪಿಯರ್ ಅವರ್‌ನ ಒಂದು 12 ವೋಲ್ಟ್ ಬ್ಯಾಟರಿಯಲ್ಲಿ ಇರುವುದು 1800 ವ್ಯಾಟ್ ಅವರ್, ಬ್ಯಾಟರಿ ಕೆಡದಂತೆ ಬಳಸಬಹುದಾದದ್ದು ಸುಮಾರು ಅದರ ಅರ್ಧ. ಹಳೆಯ 75 ವ್ಯಾಟಿನ ಎರಡು ಫ್ಯಾನ್ ಹಾಕಿದರೆ ಐದಾರು ತಾಸಿಗೆ ಮುಗಿಯಿತು. ಕಡಿಮೆ ಕರೆಂಟು ತಿನ್ನುವ 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನ್ ಎರಡಾದರೆ ಒಂದು ರಾತ್ರಿಯ ನಿದ್ದೆ ಕೈಗೆ ಸಿಗುತ್ತದೆ. ತಂಗುಮನೆ ನಡೆಸುವವರು ಈಜುಕೊಳಕ್ಕೆ ಸುರಿಯುವ ದುಡ್ಡಿನಲ್ಲಿ ಸಣ್ಣ ಪಾಲನ್ನು ಇದಕ್ಕೆ ಹಾಕಲಿ.

ಸೊಳ್ಳೆಯ ಮಾತು ಬಂದರೆ, ಅದರ ತವರು ಹರಿಯುವ ಹೊಳೆಯಲ್ಲ, ನಿಂತ ನೀರಿನ ಭತ್ತದ ಗದ್ದೆ. ಗಂಗಾವತಿ ಸೀಮೆ ಭತ್ತದ ಕಣಜ, ಗದ್ದೆ ಎಲ್ಲಿಲ್ಲ! ಆದ್ದರಿಂದ ಸೊಳ್ಳೆಪರದೆ ಇಲ್ಲದ ಕೋಣೆ ಬೇಡವೇ ಬೇಡ. ಪರದೆಯನ್ನು ಸಂಜೆ ಐದೂವರೆಗೇ ಇಳಿಬಿಟ್ಟು ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಮಲಗುವಾಗ ಇಳಿಬಿಟ್ಟರೆ ಸೊಳ್ಳೆ ಮೊದಲೇ ಒಳಗಿರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಭತ್ತ ತೆನೆ ಬಲಿಯುವ ಹೊತ್ತಿಗೆ ಇನ್ನೊಂದು ಕಾಟ: ಎಳ್ಳಿನಷ್ಟು ಸಣ್ಣ ಹಸಿರು ಜಿಗಿಹುಳ ದೀಪಕ್ಕೆ ಮುತ್ತುತ್ತದೆ. ಸೊಳ್ಳೆಪರದೆಯ ಕಣ್ಣಿನಲ್ಲೂ ಅದು ತೂರುತ್ತದೆ. ಪಡಸಾಲೆಯ ಬಿಳಿ ದೀಪ ಆರಿಸಿ, ಹಳದಿ ಬಲ್ಬ್ ಇಟ್ಟು, ಹತ್ತು ಹದಿನೈದು ಅಡಿ ಆಚೆ ಇನ್ನೊಂದು ದೀಪದ ಕೆಳಗೆ ಅಗಲವಾದ ಬೋಗುಣಿಯಲ್ಲಿ ನೀರು ತುಂಬಿಟ್ಟರೆ ಬಹುಪಾಲು ಅಲ್ಲಿಗೆ ಹೋಗಿ ಬೀಳುತ್ತವೆ. ಊಟವನ್ನು ಏಳಕ್ಕೇ ಮುಗಿಸಿ. ಕಟಾವಿನ ದಿನಗಳಲ್ಲಿ ಯಂತ್ರಗಳು ರಾತ್ರಿಯೂ ಓಡುತ್ತವೆ, ಧೂಳೂ ಹೊಗೆಯೂ ಇರುತ್ತದೆ. ಉಬ್ಬಸ ಇದ್ದವರು ಆ ಎರಡು ವಾರ ಬಿಟ್ಟು ಬರಲಿ.

ಹೊಳೆ ದಾಟುವ ಹರಿಗೋಲಿನ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದೇ ಕಡವಿನಲ್ಲಿ ಬುಟ್ಟಿಯಂಥ ಗುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುವಷ್ಟು ದೊಡ್ಡವು. ಇಂದು ಹೆಣಿಗೆ ಬಿದಿರಿನದು, ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ತಳ ಚಪ್ಪಟೆ, ಅದಕ್ಕೇ ಒಂದಡಿ ನೀರಿನಲ್ಲೂ ಬಂಡೆಗಳ ನಡುವೆ ಜಾರಿ ಹೋಗುತ್ತದೆ. ಮುಂದು ಹಿಂದು ಎಂಬುದಿಲ್ಲ, ಅದಕ್ಕೇ ಹುಟ್ಟು ಹಾಕುವುದು ನಿಲ್ಲಿಸಿದ ಕೂಡಲೇ ತಿರುಗತೊಡಗುತ್ತದೆ. ಹತ್ತುವಾಗ ಅಂಚಿನ ಮೇಲೆ ಕಾಲಿಡಬಾರದು. ಅಂಬಿಗರು ಅಂಚು ಹಿಡಿದಿರುವಾಗ ಕಾಲನ್ನು ನೇರ ನಡುವೆ ಇಟ್ಟು, ಹಾಗೇ ಕುಳಿತು, ಆಮೇಲೆ ಅಂಚಿಗೆ ಸರಿಯಬೇಕು. ಒಬ್ಬರು ಈ ಕಡೆ ಕೂತರೆ ಇನ್ನೊಬ್ಬರು ಎದುರು ಕಡೆ, ಭಾರವಾದವರು ಎದುರುಬದುರು. ಫೋಟೋಕ್ಕೆಂದು ನಿಂತರೆ ಭಾರ ಮೇಲೇರಿ ಬುಟ್ಟಿ ಒಂದೇ ಕಡೆ ವಾಲುತ್ತದೆ. ಮಗುಚುವುದು ಹೀಗೆಯೇ. ಕೂರುವ ಮೊದಲು ತಳ ನೋಡಿ: ಬಂಡೆಗೆ ಉಜ್ಜಿ ಡಾಂಬರು ಎದ್ದ ಕಡೆ ನೀರು ಒಸರುತ್ತಿದ್ದರೆ ಬೇರೆಯದನ್ನು ಕೇಳಿ. ಜಾಕೆಟ್ ಹಾಕಿಕೊಂಡು ಮೂರೂ ಪಟ್ಟಿ ಬಿಗಿಯಿರಿ, ತೊಡೆಯ ಮೇಲೆ ಇಟ್ಟುಕೊಂಡ ಜಾಕೆಟ್ ಯಾರನ್ನೂ ತೇಲಿಸುವುದಿಲ್ಲ. ಅಂಬಿಗರು ಇವತ್ತು ಬೇಡ ಎಂದರೆ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೇನೆ ಎನ್ನಬೇಡಿ. ಅವರು ನೀರಿನ ಬಣ್ಣ ನೋಡಿ ಹೇಳಿದ ಮಾತು ಅದು. ಹಂಪಿಗೆ ಆ ದಿನ ಕಡೆಬಾಗಿಲು–ಬುಕ್ಕಸಾಗರ ಸೇತುವೆಯಿಂದ ರಸ್ತೆ ಹಿಡಿಯಿರಿ, ಸುಮಾರು ಮುಕ್ಕಾಲು ತಾಸು. ತಳವಾರಘಟ್ಟದಲ್ಲಿ ಕಾಣುವ ಮುರಿದ ಕಂಬಗಳು ಕಟ್ಟುತ್ತಿರುವಾಗಲೇ 2009ರ ಜನವರಿಯಲ್ಲಿ ಕುಸಿದ ಸೇತುವೆಯವು, ಅಲ್ಲಿ ಗಾಡಿ ದಾಟುವುದಿಲ್ಲ.

ಈಜಬೇಡಿ. ಬಂಡೆಗಳ ನಡುವೆ ಹೊಳೆ ಕೊರೆದ ಗುಂಡಿಗಳು ಬಾವಿಯಂತೆ ಆಳ, ಮೇಲೆ ನೀರು ಸುಮ್ಮನಿದ್ದಂತೆ ಕಂಡರೂ ಕೆಳಗೆ ಸೆಳವು ಬಂಡೆಯಡಿಗೆ ಎಳೆಯುತ್ತದೆ. ಸಣಾಪುರದ ಕಡೆ ಬಂಡೆಯಿಂದ ಹಾರುವವರನ್ನು ನೋಡಿ ಹಾರಿ ಪ್ರಾಣ ಕಳೆದುಕೊಂಡವರಲ್ಲಿ ಈಜು ಬಲ್ಲವರೂ ಇದ್ದಾರೆ. ಮೊಸಳೆಯೂ ಇದೆ. ಕತ್ತಲಾದ ಮೇಲೆ ಗುಡ್ಡದ ದಾರಿ ಬೇಡ, ಚಿರತೆ, ಕರಡಿಗಳ ಓಡಾಟದ ಹೊತ್ತದು. ರಾತ್ರಿ ಅಂಗಳಕ್ಕೂ ಬ್ಯಾಟರಿ ಹಿಡಿದೇ ಹೋಗಿ, ಬೆಳಿಗ್ಗೆ ಚಪ್ಪಲಿ ಕೊಡವಿ ಹಾಕಿಕೊಳ್ಳಿ. ಹಾವು ಕಡಿದರೆ ಕೊಯ್ಯುವುದು, ಬಿಗಿಯುವುದು ಯಾವುದೂ ಬೇಡ, ಕಾಲು ಅಲುಗಾಡಿಸದೆ ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ.

ಊಟದ ವಿಷಯದಲ್ಲಿ ಒಂದೇ ಹಟ ಹಿಡಿಯಿರಿ: ಬೆಳಿಗ್ಗೆ ಬ್ರೆಡ್ಡು ಆಮ್ಲೆಟ್ ಬಿಟ್ಟು ವಗ್ಗರಣಿ ಮಿರ್ಚಿ ಕೇಳಿ. ನಾಲ್ಕು ಜನಕ್ಕೆ ಕಾಲು ಕಿಲೋದಷ್ಟು ಮಂಡಾಳು, ಅಂದರೆ ಮಂಡಕ್ಕಿ, ಸಾಕು. ನೀರಿನಲ್ಲಿ ಅದ್ದಿ ಆ ಕ್ಷಣವೇ ಹಿಂಡಿ ತೆಗೆಯಬೇಕು, ಒಂದು ನಿಮಿಷ ಬಿಟ್ಟರೆ ಮುದ್ದೆಯಾಗುತ್ತದೆ. ಎಣ್ಣೆಗೆ ಸಾಸಿವೆ, ಜೀರಿಗೆ, ಶೇಂಗಾ, ಐದಾರು ಹಸಿಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ, ಕರಿಬೇವು, ಅರಿಶಿನ, ಹುಣಸೆ ರಸ ಇಲ್ಲವೆ ಟೊಮ್ಯಾಟೊ. ಮಂಡಾಳು ಬಿದ್ದ ಮೇಲೆ ಒಲೆ ಸಣ್ಣಗೆ ಮಾಡಿ, ಕೊನೆಗೆ ಮೂರ್ನಾಲ್ಕು ಚಮಚ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸುತ್ತಾರೆ. ಉಳಿದ ತೇವವನ್ನೆಲ್ಲ ಅದು ಹೀರಿ ಒಂದೊಂದು ಮಂಡಾಳೂ ಬಿಡಿಯಾಗುತ್ತದೆ. ಹಿಟ್ಟನ್ನು ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಪಕ್ಕದಲ್ಲಿ ಬಿಸಿ ಮಿರ್ಚಿ ಭಜಿ. ರಾತ್ರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ ಬೇಕಿದ್ದರೆ ಮಧ್ಯಾಹ್ನವೇ ಹೇಳಿಬಿಡಿ. ರೊಟ್ಟಿ ಬಡಿಯುವ ಅಕ್ಕಾರು ಎಲ್ಲ ಹೊತ್ತಿನಲ್ಲೂ ಮನೆಯಲ್ಲಿರುವುದಿಲ್ಲ.

ಬರುವ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಹನುಮಮಾಲೆಯ ದಿನಗಳಲ್ಲಿ, ಶನಿವಾರಗಳಲ್ಲಿ ಅಂಜನಾದ್ರಿ ಬೆಟ್ಟಕ್ಕೆ ಜನ ಕಿಕ್ಕಿರಿಯುತ್ತಾರೆ, ಆ ರಸ್ತೆಯ ಬದಿಯ ಕೋಣೆಯಲ್ಲಿ ನಿದ್ದೆಯಿಲ್ಲ. ಅದರ 575 ಮೆಟ್ಟಿಲನ್ನು ವಾರದ ನಡುವೆ, ಬಿಸಿಲೇರುವ ಮೊದಲು ಹತ್ತಿ ಇಳಿಯುವುದು ಮೇಲು. ಬಾಳೆಹಣ್ಣಿನ ಚೀಲ ಕೈಯಲ್ಲಿದ್ದರೆ ಮಂಗಗಳು ಬಿಡುವುದಿಲ್ಲ.

ಇನ್ನು ಹೊಳೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ, ದೇಶದಲ್ಲೇ ಮೊದಲನೆಯದು. ಆನೆಗುಂದಿ ಅದರ ನಡುವೆ ಇದೆ. ಚಳಿಗಾಲದಲ್ಲಿ ಆರಕ್ಕೇ ಕೋಣೆ ಬಿಟ್ಟು, ಬ್ಯಾಟರಿ ಆರಿಸಿ, ಗಾಳಿ ಹೊಳೆಯ ಕಡೆಯಿಂದ ನಿಮ್ಮ ಮುಖಕ್ಕೆ ಬೀಸುವಂತೆ ಬಂಡೆಯ ಮೇಲೆ ಕೂರಬೇಕು. ನೀರಿಗೆ ಕಲ್ಲೆಸೆಯಬಾರದು, ಫೋನಿನಲ್ಲಿ ಹಾಡು ಹಾಕಬಾರದು. ನೀರುನಾಯಿಗಳು ಒಂಟಿಯಾಗಿ ಬರುವುದು ಕಡಿಮೆ, ಗುಂಪಾಗಿ ಮೀನನ್ನು ಅಟ್ಟಿಕೊಂಡು ಬರುತ್ತವೆ. ಮೊದಲು ಕಾಣುವುದು ನೀರಿನ ಮೇಲೆ ಚಪ್ಪಟೆ ತಲೆಗಳ ಸಾಲು, ಆಮೇಲೆ ಸೀಟಿಯಂಥ ದನಿ. ಕಾಣದಿದ್ದರೆ ಎದ್ದು ಮರಳು ನೋಡಿ. ಐದು ಬೆರಳು, ಬೆರಳುಗಳ ನಡುವೆ ಪೊರೆಯ ಗುರುತು, ಪಕ್ಕದ ಬಂಡೆಯ ಮೇಲೆ ಮೀನಿನ ಹುರುಪೆ ಮಿನುಗುವ ಹಸಿ ಲದ್ದಿ ಇದ್ದರೆ ಅವು ಸ್ವಲ್ಪ ಮೊದಲೇ ಬಂದುಹೋಗಿವೆ. ನಾಳೆ ಅರ್ಧ ತಾಸು ಬೇಗ ಬನ್ನಿ.